ರಾಗಿ ಹುಲ್ಲಿನ ಗೋದಲಿ, ಬಿದಿರಿನ ನಕ್ಷತ್ರ: ಮನೆಯಲ್ಲೇ ಕ್ರಿಸ್ಮಸ್ ಅಲಂಕಾರ

ಡಿಸೆಂಬರ್ ಹೊತ್ತಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ರಾಗಿ ಕೊಯ್ಲು ಮುಗಿದು ಹೊಸ ಹುಲ್ಲು ಮೆದೆ ಸೇರುತ್ತಿರುತ್ತದೆ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಗೊಂಬೆಗಳಿಂದ ಕಟ್ಟುವವರಿಗೆ ಇದಕ್ಕಿಂತ ಅನುಕೂಲದ ಕಾಲ ಇಲ್ಲ. ಆದರೂ ಪೇಟೆಯಿಂದ ಥರ್ಮೋಕೋಲ್ ಮನೆ ತಂದು, ಅದರ ಮೇಲೆ ಹತ್ತಿ ಹರಡಿ ಹಿಮ ಅನ್ನುವ ರೂಢಿ ಬಿಟ್ಟಿಲ್ಲ. ಬೆತ್ಲೆಹೇಮ್‌ನಲ್ಲಿ ಹಿಮ ಅಪರೂಪ. ಯೇಸು ಹುಟ್ಟಿದ ಜಾಗವಾದ ಅದು ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದ ಕಲ್ಲುಗುಡ್ಡದ ಊರು, ಕುರಿ ಕಾಯುವವರ ಸೀಮೆ. ಕೋಲಾರ, ತುಮಕೂರು ಎರಡೂ 800 ಮೀಟರಿನ ಆಸುಪಾಸಿನಲ್ಲೇ ಇವೆ. ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳನ್ನೂ ಅದರ ಬುಡದಲ್ಲಿ ಮೇಯುವ ಕುರಿಗಳನ್ನೂ ಕಂಡವರು ಬೆತ್ಲೆಹೇಮನ್ನು ಕಲ್ಪಿಸಿಕೊಳ್ಳಲು ಯುರೋಪಿನ ಗ್ರೀಟಿಂಗ್ ಕಾರ್ಡ್ ನೋಡಬೇಕಿಲ್ಲ.

ಮೊದಲೇ ಒಂದು ಮಾತು. ಇರುವ ದುಡ್ಡು, ಸಮಯ ಎರಡರಲ್ಲೂ ಅರ್ಧ ಪಾಲು ಗೋದಲಿಗೇ ಇರಲಿ. ಲೈಟಿನ ಸರ ನೋಡಿದವರು ಚೆನ್ನಾಗಿದೆ ಅಂತಾರೆ, ಮುಂದೆ ಹೋಗುತ್ತಾರೆ. ಗೋದಲಿಯ ಮುಂದೆ ನಿಂತವರು ‘ಇದು ಯಾರು, ಅದು ಯಾಕೆ’ ಅಂತ ಕೇಳುತ್ತಾರೆ. ಹಬ್ಬದ ಅರ್ಥ ಹೇಳುವ ಅವಕಾಶ ಅಲ್ಲೇ ಸಿಗುವುದು.

ಯಾವಾಗ ಏನು

ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಶುರುವಾಗುತ್ತದೆ. ಅಂದು ಭಾನುವಾರಕ್ಕೊಂದರಂತೆ ನಾಲ್ಕು ಬತ್ತಿ ಹಚ್ಚುವ ಆಗಮನದ ಬಳ್ಳಿಚಕ್ರ ಇಡಿ, ಅದೇ ವಾರ ನಕ್ಷತ್ರ ಕಟ್ಟಿ ಮುಗಿಸಿ. ಡಿಸೆಂಬರ್ 12ರ ಸುಮಾರಿಗೆ ರಾಗಿ ಬಿತ್ತಬೇಕು, 14ರ ಒಳಗೆ ಗೋದಲಿಯ ಬೆಟ್ಟ ಒಣಗಲು ಹೊರಗೆ ಬಿಸಿಲಿನಲ್ಲಿರಬೇಕು. ಸರ್ವೆ ಕೊಂಬೆ 22ಕ್ಕೆ, ಹೂವು 23ಕ್ಕೆ. ಕೊನೆಯ ಎರಡು ದಿನ ಕಜ್ಜಾಯದ ಬಾಣಲೆ ಮುಂದೆಯೇ ಕಳೆಯುತ್ತವೆ, ಆಗ ಮಣ್ಣು ಕಲಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಬೆಟ್ಟ ಮತ್ತು ಕೊಟ್ಟಿಗೆ

ಅಳತೆ ಹೊರಡುವುದು ಗೊಂಬೆಯಿಂದ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 5-6 ಇಂಚಿನ ಸೆಟ್. ಆ ಗಾತ್ರಕ್ಕೆ 3 ಅಡಿ ಅಗಲ, 2 ಅಡಿ ಆಳದ ಹಲಗೆ ಬೇಕು, ಕೊಟ್ಟಿಗೆ 12ರಿಂದ 14 ಇಂಚು ಎತ್ತರ ಇರಬೇಕು. ಮೊದಲು ಕೊಟ್ಟಿಗೆ ಮಾಡಿಕೊಂಡು ಆಮೇಲೆ ಗೊಂಬೆ ತಂದರೆ ಯೇಸುವಿನ ಸಾಕುತಂದೆ ಯೋಸೇಫನ ತಲೆ ಸೂರಿಗೆ ತಾಗುತ್ತದೆ, ಇಲ್ಲವೇ ದೊಡ್ಡ ಮನೆಯಲ್ಲಿ ಪುಟ್ಟ ಗೊಂಬೆಗಳು ಕಳೆದುಹೋಗುತ್ತವೆ. ಹಲಗೆಯನ್ನು ನೆಲಕ್ಕಿಡದೆ ಎರಡು ಅಡಿ ಎತ್ತರದ ಮೇಜಿನ ಮೇಲೆ ಇಡಿ. ಮಕ್ಕಳ ಕಣ್ಣಿಗೆ ಸರಿಹೋಗುತ್ತದೆ, ಯಾರೂ ದಾಟಿಕೊಂಡು ಹೋಗುವ ಪ್ರಮೇಯವೂ ಬರುವುದಿಲ್ಲ. ನೆರೆಹೊರೆಯವರಲ್ಲಿ ಕೆಲವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಅದಕ್ಕಾಗಿ ಮುಂದೆ ಮೂರಡಿ ಜಾಗ ಬಿಟ್ಟಿರಿ.

ಬೆಟ್ಟಕ್ಕೆ ಬೇಕಾಗುವುದು ಒಂದು ಹಳೆಯ ಗೋಣಿಚೀಲ, ಜರಡಿ ಹಿಡಿದ ಕೆಮ್ಮಣ್ಣು 2 ಕೆ.ಜಿ., 50 ಗ್ರಾಂ ಮೈದಾ, ಎರಡು ಮೂರು ರಟ್ಟಿನ ಡಬ್ಬ. ಮೈದಾವನ್ನು ಅರ್ಧ ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕುದಿಸಿ ಅಂಟು ಮಾಡಿಕೊಳ್ಳಿ. ಅದಕ್ಕೆ ಮಣ್ಣು ಸೇರಿಸಿ, ದೋಸೆ ಹಿಟ್ಟಿನ ಹದ ಬರುವವರೆಗೆ ಸ್ವಲ್ಪಸ್ವಲ್ಪವೇ ನೀರು ಹಾಕಿ. ಡಬ್ಬಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಲಗೆಯ ಹಿಂಭಾಗದಲ್ಲಿ ಎತ್ತರ ತಗ್ಗಾಗಿ ಜೋಡಿಸಿ. ಸುತ್ತದಿದ್ದರೆ ಒದ್ದೆಗೆ ರಟ್ಟು ಮೆತ್ತಗಾಗಿ ರಾತ್ರಿಯೊಳಗೆ ಬೆಟ್ಟ ಕುಸಿಯುತ್ತದೆ. ಚೀಲದ ಹೊಲಿಗೆ ಬಿಚ್ಚಿ, ಬಗ್ಗಡದಲ್ಲಿ ಪೂರ್ತಿ ಅದ್ದಿ, ಹಿಂಡದೆ ಡಬ್ಬಗಳ ಮೇಲೆ ಹೊದಿಸಿ, ಬೆರಳಿನಿಂದ ಮಡಿಕೆಗಳನ್ನು ಎಬ್ಬಿಸಿ. ಆ ಮಡಿಕೆಗಳೇ ಒಣಗಿದ ಮೇಲೆ ಬಂಡೆಯ ಸಾಲಿನಂತೆ ಕಾಣುವುದು. ಮಣ್ಣು ದಪ್ಪಗೆ ಬಳಿದರೆ ಬಿರುಕು ಬಿಟ್ಟು ಹಪ್ಪಳವಾಗಿ ಉದುರುತ್ತದೆ, ತೆಳುವಾಗಿ ಎರಡು ಸಲ ಬಳಿಯುವುದೇ ಸರಿ. ಎರಡು ದಿನದ ಬಿಸಿಲು ಸಾಕು. ಚಂಡಮಾರುತದ ಮೋಡ ಕವಿದು ತುಂತುರು ಹಿಡಿದುಕೊಂಡರೆ ನಾಲ್ಕು ದಿನ ಆದೀತು. ಅರೆ ಒಣಗಿದ್ದನ್ನು ಒಳಗೆ ತಂದರೆ ಬೂಷ್ಟು ಹಿಡಿಯುತ್ತದೆ, ಹಾಲ್ ತುಂಬ ಮುಗ್ಗಲು ವಾಸನೆ.

ಕೊಟ್ಟಿಗೆಯ ಗೋಡೆ, ಸೂರಿಗೆ ಹಳೆಯ ಬಿದಿರಿನ ತಟ್ಟಿ ಆದೀತು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವವರ ಮನೆಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಮುರಿದದ್ದು ಅಟ್ಟದ ಮೇಲೆ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಎರಡು ಅಡಿಗೆ ಒಂದೂವರೆ ಅಡಿಯ ತುಂಡು ಹಿಂಗೋಡೆಗೂ ಚಾವಣಿಗೂ ಸಾಕಾಗುತ್ತದೆ. ಅದನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಒಂದು ದಿನ ಬಿಸಿಲಿಗೆ ಹಾಕುವುದನ್ನು ಮರೆಯಬೇಡಿ, ಹುಳುಮನೆಯ ಔಷಧಿಯ ಅಂಶವೂ ದೂಳೂ ಅದರಲ್ಲಿ ಉಳಿದಿರುತ್ತವೆ. ತಿಪಟೂರು, ಗುಬ್ಬಿ ಕಡೆಯವರಿಗೆ ತೆಂಗಿನ ಗರಿ ಇದೆ. ಹೆಣೆದ ಹಸಿ ಗರಿ ವಾರದಲ್ಲಿ ಸುರುಟಿಕೊಳ್ಳುವುದರಿಂದ ಒಣಗಿದ್ದನ್ನೇ ತೆಗೆದುಕೊಳ್ಳಿ.

ಇನ್ನು ಹುಲ್ಲು. ಮೆದೆಯಿಂದ ನೇರ ತಂದು ಹಾಸಿದರೆ ಮೂರನೆಯ ದಿನ ಇಲಿ ಬರುತ್ತದೆ, ಏಕೆಂದರೆ ತೆನೆಯಲ್ಲಿ ಉಳಿದ ಕಾಳು ಅದಕ್ಕೆ ಬೇಕು. ತೆನೆ ಕತ್ತರಿಸಿ ಹಾಕಿ, ಹುಲ್ಲನ್ನು ಚೆನ್ನಾಗಿ ಬಡಿದು, ಬಿಸಿಲಿಗೆ ಹರಡಿ, ಆರು ಇಂಚಿನ ತುಂಡು ಮಾಡಿ. ಒಂದು ಹಿಡಿ ಹುಲ್ಲನ್ನು ಎತ್ತಿಟ್ಟಿರಿ, ಮಕ್ಕಳಿಗೆ ಬೇಕಾಗುತ್ತದೆ.

ರಾಗಿ ಪೈರು

ಗೋದಲಿಯ ಮುಂದೆ ಹಸಿರು ಹೊಲ ಇದ್ದರೆ ಅಂದ. ಪ್ಲಾಸ್ಟಿಕ್ ಹುಲ್ಲುಹಾಸು ತರುವ ಬದಲು 50 ಗ್ರಾಂ ಇಡೀ ರಾಗಿ ತೆಗೆದುಕೊಳ್ಳಿ. ಹಳೆಯ ರಾಗಿಯ ಮೇಲೆ ಅನುಮಾನವಿದ್ದರೆ 20 ಕಾಳು ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಟ್ಟು ನೋಡಿ, 15ಕ್ಕಿಂತ ಕಡಿಮೆ ಮೊಳೆತರೆ ಬೇರೆ ರಾಗಿ ತನ್ನಿ. ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು, ಮೊಳಕೆ ತಲೆ ಹಾಕಿದ ಮೇಲೆ ತಟ್ಟೆಯಲ್ಲಿ ಒಂದಿಂಚು ಮಣ್ಣು, ತೆಂಗಿನ ನಾರಿನ ಪುಡಿ ಸಮಸಮ ಹಾಕಿ ಒತ್ತಾಗಿ ಚೆಲ್ಲಿ. ನೀರನ್ನು ಸುರಿಯಬೇಡಿ, ಕೈಯಿಂದ ಚಿಮುಕಿಸಿ. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹೋಗಿ ಅಲ್ಲೇ ಕೊಳೆಯುತ್ತವೆ. ಡಿಸೆಂಬರಿನ ಚಳಿಗೆ ಎರಡು ಇಂಚು ಬೆಳೆಯಲು 10-12 ದಿನ ಹಿಡಿಯುತ್ತದೆ, ಅದಕ್ಕೇ 12ನೇ ತಾರೀಖು ಅಂದದ್ದು. ದಿನಾ ಎರಡು ಗಂಟೆ ಎಳೆಬಿಸಿಲು ತೋರಿಸದಿದ್ದರೆ ಪೈರು ಹಳದಿಯಾಗಿ ಉದ್ದುದ್ದ ಬೆಳೆದು ಮಲಗಿಬಿಡುತ್ತದೆ.

ಗೊಂಬೆ ಇಡುವ ಕ್ರಮ

ಹೆಚ್ಚಿನ ಮನೆಗಳು ಎಡವುವುದು ಇಲ್ಲೇ. ಡಬ್ಬ ಬಿಚ್ಚಿದ ದಿನವೇ ಎಲ್ಲವನ್ನೂ ಸಾಲಾಗಿ ನಿಲ್ಲಿಸಿಬಿಡುತ್ತಾರೆ. ದಸರಾ ಗೊಂಬೆ ನೋಡಿ ಬೆಳೆದ ಸೀಮೆಯಲ್ಲಿ ಸಾಲು ಜೋಡಿಸುವ ಕೈ ತಾನಾಗಿ ಬರುತ್ತದೆ ಅನ್ನಿ. ಆದರೆ ಗೋದಲಿ ಒಂದು ಕಥೆ, ಅದಕ್ಕೆ ಮುಂಚೆ ಆಮೇಲೆ ಅನ್ನುವುದಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಹಳ್ಳಿಯಲ್ಲಿ ಹುಲ್ಲು ತುಂಬಿದ ತೊಟ್ಟಿ, ನಿಜವಾದ ಎತ್ತು, ಕತ್ತೆ ಇಟ್ಟು ಕ್ರಿಸ್ಮಸ್ ರಾತ್ರಿಯ ಪೂಜೆ ಮಾಡಿಸಿದ್ದು ಬೆತ್ಲೆಹೇಮಿನ ಆ ಬಡತನ ಜನರ ಕಣ್ಣಿಗೆ ಕಾಣಲಿ ಅಂತ.

ಕ್ರಿಸ್ಮಸ್‌ಗೆ ಒಂದು ವಾರ ಇರುವಾಗ ಬೆಟ್ಟ, ಕೊಟ್ಟಿಗೆ, ಎತ್ತು, ಕತ್ತೆ ಮತ್ತು ಖಾಲಿ ತೊಟ್ಟಿ ಮಾತ್ರ ಇರಲಿ. ಎತ್ತಿಟ್ಟ ಹುಲ್ಲು ಈಗ ಕೆಲಸಕ್ಕೆ ಬರುತ್ತದೆ: ಮಗು ಯಾರಿಗಾದರೂ ಒಂದು ಸಹಾಯ ಮಾಡಿದ ದಿನ ಒಂದು ಎಳೆ ತೊಟ್ಟಿಗೆ ಹಾಕಲಿ. ಹಾಸಿಗೆ ಮೆತ್ತಗಾಗುವುದು ಮಕ್ಕಳ ಕೈಯಿಂದ. ಇದೇ ದಿನಗಳಲ್ಲಿ ತಾಯಿ ಮರಿಯ, ಯೋಸೇಫರನ್ನು ಹಲಗೆಯ ಒಂದು ತುದಿಯಲ್ಲಿಟ್ಟು ದಿನಕ್ಕೊಂದಿಷ್ಟು ಮುಂದೆ ಸರಿಸಿ. ಜನಗಣತಿಗೆ ಹೆಸರು ಬರೆಸಲು ನಜರೇತಿನಿಂದ ಹೊರಟವರು ಅವರು, ಬೈಬಲಿನಲ್ಲಿ ಲೂಕನ ಸುವಾರ್ತೆಯ 2ನೇ ಅಧ್ಯಾಯ ಶುರುವಾಗುವುದೇ ಚಕ್ರವರ್ತಿ ಔಗುಸ್ತನ ಆ ಆಜ್ಞೆಯಿಂದ.

24ರ ರಾತ್ರಿ ಚರ್ಚಿನಲ್ಲಿ ಬಲಿಪೂಜೆಯೋ ಆರಾಧನೆಯೋ ಮುಗಿಸಿ ಬಂದ ಮೇಲೆ ಮನೆಯ ಅತಿ ಕಿರಿಯರ ಕೈಯಲ್ಲಿ ಬಾಲಯೇಸುವನ್ನು ಇಡಿಸಿ. ಅದಕ್ಕೆ ಮುಂಚೆ ಲೂಕ 2:1ರಿಂದ 20 ಒಬ್ಬರು ಗಟ್ಟಿಯಾಗಿ ಓದಲಿ, ನಿಧಾನವಾಗಿ ಓದಿದರೂ ನಾಲ್ಕು ನಿಮಿಷ ದಾಟದು. ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಅಜ್ಜಿಗೆ ತಮಿಳು, ಮೊಮ್ಮಕ್ಕಳಿಗೆ ಕನ್ನಡ ಸಲೀಸು, ಎರಡರಲ್ಲೂ ಅರ್ಧರ್ಧ ಓದಿದರೆ ಏನೂ ಕೆಡುವುದಿಲ್ಲ. ಕುರುಬರನ್ನು ಅದೇ ರಾತ್ರಿ ತನ್ನಿ. ಚಿಕ್ಕ ಕುರಿಗಳನ್ನು ಹಿಂದಿನ ಇಳಿಜಾರಿನಲ್ಲಿ, ದೊಡ್ಡವನ್ನು ಮುಂದೆ ಇಟ್ಟರೆ ಎರಡಡಿ ಹಲಗೆಯೇ ದೊಡ್ಡ ಬಯಲಿನಂತೆ ಕಾಣುತ್ತದೆ.

ನಕ್ಷತ್ರ ನೋಡಿ ಕಾಣಿಕೆ ತಂದ ಜೋಯಿಸರು ಆ ರಾತ್ರಿ ಅಲ್ಲಿರಲಿಲ್ಲ. ಅವರ ವಿಷಯ ಮತ್ತಾಯನ 2ನೇ ಅಧ್ಯಾಯದಲ್ಲಿದೆ. ಮೂಡಣ ದಿಕ್ಕಿನಿಂದ ಯೆರೂಸಲೇಮಿಗೆ ಬಂದು, ಅಲ್ಲಿನ ದೊರೆ ಹೆರೋದನನ್ನು ಕಂಡು, ಆಮೇಲೆ ‘ಮನೆ’ಯೊಳಗೆ ಹೋಗಿ ಮಗುವನ್ನು ನೋಡಿದರು ಅಂತ ಬರೆದಿದೆ. ಎಷ್ಟು ಜನ ಅಂತ ಇಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇರುವುದರಿಂದ ಮೂವರು ಅನ್ನುವ ರೂಢಿ ಬಂತು. ಹಾಗಾಗಿ ಒಂಟೆಗಳೊಂದಿಗೆ ಅವರನ್ನು ಇನ್ನೊಂದು ತುದಿಯಲ್ಲಿ, ಬೇಕಾದರೆ ಟಿವಿ ಮೇಜಿನ ಮೇಲೆ ನಿಲ್ಲಿಸಿ, ದಿನಕ್ಕೆರಡು ಇಂಚಿನಂತೆ ಸರಿಸುತ್ತ ಜನವರಿ 6ಕ್ಕೆ ಬರುವ, ಇವರದೇ ನೆನಪಿನ ಮೂರು ರಾಯರ ಹಬ್ಬಕ್ಕೆ ಕೊಟ್ಟಿಗೆ ಮುಟ್ಟಿಸಿ. ಹೀಗೆ ಮಾಡಿದರೆ ಹಬ್ಬದ ಮಾರನೆಯ ದಿನವೂ ಮಕ್ಕಳು ಗೋದಲಿ ಹತ್ತಿರ ಬರುತ್ತಾರೆ.

ಎತ್ತು, ಕತ್ತೆಯ ಹೆಸರು ಸುವಾರ್ತೆಯಲ್ಲಿ ಇಲ್ಲ. ಎತ್ತಿಗೆ ತನ್ನ ಧಣಿ, ಕತ್ತೆಗೆ ತನ್ನ ಒಡೆಯನ ಗೋದಲಿ (ಮೇವಿನ ತೊಟ್ಟಿ) ಗೊತ್ತು ಅನ್ನುವ ಪ್ರವಾದಿ ಯೆಶಾಯನ 1ನೇ ಅಧ್ಯಾಯದ ಮಾತಿನಿಂದ ಅವು ಬಂದವು. ಮಕ್ಕಳು ಪ್ಲಾಸ್ಟಿಕ್ ಸಿಂಹ ತಂದು ನಿಲ್ಲಿಸಿದರೆ ಬೈಯಬೇಡಿ. ಸಿಂಹ ಎತ್ತಿನಂತೆ ಹುಲ್ಲು ತಿನ್ನುವ ಕಾಲ ಬರುತ್ತದೆ ಅಂತ ಅದೇ ಯೆಶಾಯ 11ನೇ ಅಧ್ಯಾಯದಲ್ಲಿ ಹೇಳಿದ್ದಾನೆ, ಸ್ವಲ್ಪ ದೂರದಲ್ಲಿ ನಿಂತುಕೊಳ್ಳಲಿ. ಸಾಂತಾ ಕ್ಲಾಸ್ ಮಾತ್ರ ಗೋದಲಿಯೊಳಗೆ ಬೇಡ. ಆ ಹೆಸರಿನ ಮೂಲ 4ನೇ ಶತಮಾನದ ಮೈರಾ ಊರಿನ, ಅಂದರೆ ಇಂದಿನ ಟರ್ಕಿಯ, ಬಿಷಪ್ ಸಂತ ನಿಕೋಲಸ್. ಅವನಿಗೆ ಮರದ ಬುಡದಲ್ಲಿ ಜಾಗ ಕೊಡಿ.

ವಿಗ್ರಹದಂತೆ ಕಾಣುತ್ತದೆ, ಗೊಂಬೆ ಬೇಡ ಅನ್ನುವ ಪ್ರೊಟೆಸ್ಟೆಂಟ್ ಮನೆಗಳೂ ಇವೆ. ಅಂಥವರು ಕೊಟ್ಟಿಗೆ, ಹುಲ್ಲು ತುಂಬಿದ ತೊಟ್ಟಿ, ಪಕ್ಕದಲ್ಲಿ ಲೂಕ 2ಕ್ಕೆ ತೆರೆದಿಟ್ಟ ಸತ್ಯವೇದ (ಬೈಬಲ್) ಇಷ್ಟನ್ನೇ ಇಡಬಹುದು. ನೋಡಲು ಬಡವಾಗದು.

ನಕ್ಷತ್ರ

ಅರ್ಧ ಇಂಚಿಗಿಂತ ಸಣ್ಣ ಅಗಲದ, 3-4 ಮಿ.ಮೀ. ದಪ್ಪದ ಬಿದಿರಿನ ಸೀಳು, 90 ಸೆಂ.ಮೀ. ಉದ್ದದ್ದು ಹತ್ತು ಬೇಕು. 22 ಸೆಂ.ಮೀ. ಉದ್ದದ ಅಡ್ಡಕಡ್ಡಿ ಐದು. ಒಣಗಿದ ಬಿದಿರಾದರೆ ನಾಲ್ಕು ಗಂಟೆ ನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಬಗ್ಗಿಸುವಾಗ ಲಟಕ್ಕನೆ ಮುರಿಯುತ್ತದೆ. ಪ್ರತಿ ಸೀಳಿಗೂ ಎರಡೂ ತುದಿಯಿಂದ 34 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿ. ಈಗ ಐದು ಸೀಳುಗಳನ್ನು ಕೈ ಎತ್ತದೆ ನಕ್ಷತ್ರ ಬರೆಯುವ ಹಾಗೆ ಜೋಡಿಸಿ, ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯಿಸುತ್ತ ಹೋಗಿ. ಅಡ್ಡ ಹಾಯುವ ಜಾಗಗಳು ಪೆನ್ಸಿಲ್ ಗುರುತಿನ ಮೇಲೇ ಬೀಳಬೇಕು, ಬಿದ್ದರೆ ಐದು ಕಾಲೂ ಸಮ. ಐದು ತುದಿ, ಐದು ಸಂಧಿ, ಹತ್ತೂ ಕಡೆ ದಪ್ಪ ದಾರದಿಂದ ಬಿಗಿಯಿರಿ. ಇಂಥದ್ದೇ ಇನ್ನೊಂದು.

ಎರಡನ್ನೂ ಒಂದರ ಮೇಲೊಂದಿಟ್ಟು ತುದಿಗಳನ್ನು ಮಾತ್ರ ಜೋಡಿಸಿ ಕಟ್ಟಿ. ಆಮೇಲೆ ಒಳಗಿನ ಐದು ಸಂಧಿಗಳ ನಡುವೆ ಅಡ್ಡಕಡ್ಡಿಗಳನ್ನು ನಿಲ್ಲಿಸಿದರೆ ನಕ್ಷತ್ರ ಉಬ್ಬಿಕೊಳ್ಳುತ್ತದೆ. ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಚೌಕಟ್ಟು ಒಂದೇ ಕಡೆ ಸೊಟ್ಟಗಾಗುತ್ತದೆ. ಐದನ್ನೂ ಸಡಿಲವಾಗಿ ನಿಲ್ಲಿಸಿ, ಕಡೆಗೆ ಒಟ್ಟಿಗೆ ಬಿಗಿಯಿರಿ.

ಅಡ್ಡಕಡ್ಡಿ 22 ಅಂದದ್ದಕ್ಕೆ ಕಾರಣ ಇದೆ. ಸಂಧಿಯಿಂದ ಸಂಧಿಗೂ 22 ಇರುವುದರಿಂದ ಮುಂದೆ ಐದು, ಹಿಂದೆ ಐದು, ಪಕ್ಕಗಳಲ್ಲಿ ಹತ್ತು, ಹೀಗೆ 20 ತ್ರಿಕೋನಕ್ಕೂ ಒಂದೇ ಅಚ್ಚು ಸಾಕು: ತಳ 22, ಎರಡು ಬದಿ 34, ಸುತ್ತ ಅಂಟಿಸಲು ಒಂದೂವರೆ ಸೆಂ.ಮೀ. ಹೆಚ್ಚು. ಗಾಳಿಪಟದ ಕಾಗದ ಮನೆಯೊಳಗೆ, ವರಾಂಡದಲ್ಲಿ ಸೊಗಸು. ಬಯಲಿಗೆ ಕಟ್ಟುವುದಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಕಿ, ಕೆಳಗಿನ ಎರಡು ಕಾಲುಗಳ ತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿ. ಮುಂದಿನ ಐದುಮೂಲೆಗೆ ಬೇರೆ ಹಾಳೆ, ಹಿಂದಿನದು ಬಲ್ಬಿಗಾಗಿ ತೆರೆದಿರಲಿ.

ಬಲ್ಬು 5ರಿಂದ 7 ವಾಟಿನ ಎಲ್‌ಇಡಿ. ಹಳೆಯ 40 ವಾಟಿನ ಬುರುಡೆ ಬಲ್ಬು ಕಾಗದವನ್ನು ಕಂದಿಸುತ್ತದೆ, ಗಾಳಿಗೆ ತೂಗಾಡಿ ತಾಗಿದರೆ ಹೊತ್ತಿಕೊಳ್ಳಲೂಬಹುದು. ಹೋಲ್ಡರ್ ಬಾಯಿ ಕೆಳಮುಖವಾಗಿರಲಿ. ನಕ್ಷತ್ರದ ಭಾರ ವೈರಿನ ಮೇಲೆ ಬೀಳಬಾರದು, ಅದಕ್ಕೆ ಬೇರೆ ಹಗ್ಗ ಕಟ್ಟಿ. ಟೇಪು ಸುತ್ತಿದ ಜಾಯಿಂಟ್ ತಾರಸಿಯ ಮೇಲೆ ಬೇಡ, ಬೋರ್ಡಿನಿಂದ ಹೋಲ್ಡರಿನವರೆಗೆ ಒಂದೇ ವೈರು ಎಳೆಯಿರಿ.

ಮರ, ದೀಪ, ಮೇಣದಬತ್ತಿ

ನಮ್ಮ ಕಡೆ ಮರ ಅಂದರೆ ಸರ್ವೆ ಕೊಂಬೆ. ಐದಡಿಯದು ಸಾಕು. ಬುಡವನ್ನು ಓರೆಯಾಗಿ ಕತ್ತರಿಸಿ, ಬಕೆಟ್‌ನಲ್ಲಿ ಜಲ್ಲಿ, ಒದ್ದೆ ಮರಳು ತುಂಬಿ ನಿಲ್ಲಿಸಿ, ದಿನಾ ಒಂದು ಲೋಟ ನೀರು ಹಾಕಿ. ಹೀಗಿದ್ದರೂ ವಾರಕ್ಕೆ ಎಲೆ ಉದುರಲು ಶುರು. ಒಣಗಿದ ಸರ್ವೆ ಬೇಗ ಹೊತ್ತಿಕೊಳ್ಳುವುದರಿಂದ ಅದರ ಹತ್ತಿರ ಮೇಣದಬತ್ತಿ ಕೂಡದು. ಗೋದಲಿಯ ಹುಲ್ಲಿಗೂ ಇದೇ ಮಾತು, ಒಳಗೆ ಬೇಕಾದರೆ ಸೆಲ್ಲಿನ ಪುಟ್ಟ ದೀಪ ಇಡಿ.

ಲೈಟಿನ ಸರಗಳನ್ನು ಒಂದಕ್ಕೊಂದು ಮೂರಕ್ಕಿಂತ ಹೆಚ್ಚು ಜೋಡಿಸಬೇಡಿ, ಮೊಳೆ ಹೊಡೆದು ನಿಲ್ಲಿಸಬೇಡಿ, ಕಬ್ಬಿಣದ ಗೇಟು ಗ್ರಿಲ್ಲಿಗೆ ಸುತ್ತಬೇಡಿ. ವೈರಿನ ಪದರ ಎಷ್ಟು ತೆಳುವೆಂದರೆ ಉಗುರು ತಾಗಿದರೆ ತಂತಿ ಕಾಣುತ್ತದೆ. ಮಲಗುವ ಮುಂಚೆ ಸ್ವಿಚ್ ಆರಿಸಿ.

ಆಗಮನದ ಬಳ್ಳಿಚಕ್ರಕ್ಕೆ 12 ಇಂಚಿನ ತಂತಿಯ ಬಳೆ, ಸುತ್ತ ಸರ್ವೆ ಚಿಗುರು, ಪ್ರತಿ ಭಾನುವಾರ ಹೊಸದು. ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಬತ್ತಿ. ನೇರಳೆ ತಪಸ್ಸು, ಕಾಯುವಿಕೆಯ ಬಣ್ಣ. ಗುಲಾಬಿ ಮೂರನೆಯ ಭಾನುವಾರದ್ದು, ಹಬ್ಬ ಹತ್ತಿರವಾಯಿತೆಂಬ ಸಂತೋಷಕ್ಕೆ. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ಆ ಬಣ್ಣದ ರಿಬ್ಬನ್ ಕಟ್ಟಿ, ಅರ್ಧ ಉರಿದ ಮೇಲೆ ಬಿಚ್ಚಿಬಿಡಿ. ಮರಳು ತುಂಬಿದ ತೆಂಗಿನ ಕರಟ ಒಳ್ಳೆಯ ಸ್ಟ್ಯಾಂಡು, ಕರಗಿದ ಮೇಣ ಮೇಜಿಗೆ ಇಳಿಯುವುದಿಲ್ಲ. ಬಾಗಿಲಿಗೆ ಚಿಕ್ಕಬಳ್ಳಾಪುರದ ಸೇವಂತಿಗೆ ಹಾರ, ಅಂಗಳದಲ್ಲಿ ನಕ್ಷತ್ರದ ರಂಗೋಲಿ. ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ನೆರೆಯವರು ಬಂದಾಗ

25ರ ಸಂಜೆ ಐದರಿಂದ ಎಂಟು ಅಂತ ಮೊದಲೇ ಹೇಳಿಟ್ಟರೆ ಎಲ್ಲರಿಗೂ ಅನುಕೂಲ. ತಟ್ಟೆಗಳನ್ನು ಎರಡು ಬಗೆ ಮಾಡಿ. ಕಜ್ಜಾಯ, ನಿಪ್ಪಟ್ಟು, ಚಕ್ಕುಲಿ, ಕರ್ಜಿಕಾಯಿ ಒಂದರಲ್ಲಿ. ಕೇಕು, ರೋಸ್ ಕುಕ್ಕೀಸ್ ಬೇರೆಯದರಲ್ಲಿ, ಅವಕ್ಕೆ ಮೊಟ್ಟೆ ಹಾಕಿರುತ್ತೀರಿ. ಮೊಟ್ಟೆ ಇದೆಯೋ ಇಲ್ಲವೋ ಅಂತ ಅತಿಥಿ ಸಂಕೋಚದಿಂದ ಕೇಳುವ ಮುಂಚೆ ನೀವೇ ಹೇಳಿ. ತಟ್ಟೆಯ ಕೆಳಗೆ ಕರಪತ್ರ ಸೇರಿಸಿ ಕೊಡುವುದು ಬೇಡವೇ ಬೇಡ, ಅದು ಸಿಹಿಯನ್ನೂ ಮಾತನ್ನೂ ಕೆಡಿಸುತ್ತದೆ. ಓದಬೇಕೆಂದು ಕೇಳಿದವರಿಗೆ ಲೂಕನ ಸುವಾರ್ತೆ ಕೊಡಿ.

ಪ್ರಶ್ನೆ ಬಂದಾಗ ಉತ್ತರ ಚಿಕ್ಕದಿರಲಿ. ‘ದನದ ಕೊಟ್ಟಿಗೆ ಯಾಕೆ?’ ಛತ್ರದಲ್ಲಿ ಜಾಗ ಸಿಗಲಿಲ್ಲ, ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸಿದಳು. ‘ಕುರುಬರು ಯಾಕೆ?’ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. ‘ನಕ್ಷತ್ರ?’ ಜೋಯಿಸರಿಗೆ ದಾರಿ ತೋರಿದ್ದು. ‘ಡಿಸೆಂಬರ್ 25 ಅಂತ ಬೈಬಲಿನಲ್ಲಿ ಇದೆಯಾ?’ ಇಲ್ಲ, 4ನೇ ಶತಮಾನದಲ್ಲಿ ರೋಮ್‌ನ ಕ್ರೈಸ್ತ ಸಭೆ ಆ ದಿನ ಆಚರಿಸಿದ ದಾಖಲೆ ಇದೆ. ಇನ್ನೂ ಕೇಳಬೇಕೆನ್ನಿಸಿದವರಿಗೆ ಮುಖ್ಯವಾದ ಮಾತು ಹೇಳಿ: ದೇವರು ಮೇಲಿನಿಂದ ನೋಡುತ್ತ ಕೂರಲಿಲ್ಲ, ಮನುಷ್ಯನಾಗಿ, ಅದೂ ಜಾಗವಿಲ್ಲದವರ ಮನೆಯ ಕೂಸಾಗಿ ಬಂದು ಜನರನ್ನು ಪಾಪದಿಂದ ಬಿಡಿಸಿದ ಅನ್ನುವುದು ಕ್ರೈಸ್ತರ ನಂಬಿಕೆ.

‘ಗೋಕುಲಾಷ್ಟಮಿ ಥರಾನೇ ಇದೆಯಲ್ಲ!’ ಅಂತ ಯಾರಾದರೂ ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ, ಎಲ್ಲ ಒಂದೇ ಅಂತ ತೇಲಿಸಲೂ ಬೇಡಿ. ರಾತ್ರಿ, ದನ, ಕೂಸು ಕಂಡು ಅವರಿಗೆ ಹಾಗನ್ನಿಸಿದ್ದು ಸಹಜ. ಹೌದೆಂದು ನಕ್ಕು, ನಿಮ್ಮ ಕಥೆಯನ್ನು ಲೂಕ ಬರೆದ ಹಾಗೆಯೇ ಹೇಳಿ. ಕ್ರಿಸ್ಮಸ್ ಹಾಡು ಹೇಳುವ ಕ್ಯಾರಲ್ ತಂಡವನ್ನು ಮನೆಗೆ ಕರೆದಿದ್ದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ಅಡ್ಡಿ ಇದೆ, ಅನಂತರ ಬಂದವರು ಡೋಲಕ್ಕು ಬದಿಗಿಟ್ಟು ಮೆಲ್ಲಗೆ ಒಂದು ಹಾಡು ಹೇಳಿ ಕಾಫಿ ಕುಡಿದು ಹೋಗಲಿ.

ತೆಗೆದಿಡುವುದು

ಜನವರಿ 6 ಕಳೆದ ಮೇಲೆ ಬಿಚ್ಚಿ. ಪೈರು, ಮಿಂಚುಪುಡಿ ತಾಗದ ಹುಲ್ಲು ದನಕ್ಕೆ ಹಾಕಬಹುದು, ಜರಿ ಎಳೆ ಒಂದಿದ್ದರೂ ಹಾಕಬಾರದು. ಪ್ಲಾಸ್ಟರ್ ಗೊಂಬೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಏಳುತ್ತದೆ, ಒಣ ಬ್ರಷ್ ಸಾಕು. ಮುರಿದ ಕೈ, ಕಿವಿಯನ್ನು ಅಂದೇ ಫೆವಿಕಾಲ್ ಹಾಕಿ ಕೂರಿಸಿ, ತುಂಡು ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಒಂದೊಂದನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ, ಬಾಲಯೇಸುವಿನ ಪೊಟ್ಟಣದ ಮೇಲೆ ಹೆಸರು ಬರೆಯಿರಿ. ಅತಿ ಚಿಕ್ಕ ಗೊಂಬೆ ಅದೇ, ರದ್ದಿ ಪೇಪರಿನ ಜೊತೆ ಕಸಕ್ಕೆ ಹೋಗುವುದೂ ಅದೇ. ನಕ್ಷತ್ರದ ಅಡ್ಡಕಡ್ಡಿಗಳನ್ನು ಬಿಚ್ಚಿದರೆ ಚೌಕಟ್ಟು ಚಪ್ಪಟೆಯಾಗಿ ಬೀರುವಿನ ಹಿಂದೆ ನಿಲ್ಲುತ್ತದೆ, ಐದು ಕಡ್ಡಿಗಳನ್ನು ಅದಕ್ಕೇ ಕಟ್ಟಿಡಿ.